ದಾನಚಿಂತಾಮಣಿ ಅತ್ತಿಮಬ್ಬೆ: ಕೊಟ್ಟ ಕೈಗೆ ಏನೂ ಬೇಡವಾಗಿತ್ತೇ?



ನಮ್ಮ ಸಮಾಜದಲ್ಲಿ ದಾನದ ಮಾತು ಬಂದಾಗಲೆಲ್ಲ ಮೊದಲು ಬಾಯಿಗೆ ಬರುವ ಹೆಸರು ಅತ್ತಿಮಬ್ಬೆಯದು. ಶ್ರಾವಿಕೆಯರ ಸಂಘಗಳಿಗೆ, ಮಹಿಳಾ ಸಮಾಜಗಳಿಗೆ, ಸಭಾಭವನಗಳಿಗೆ ಆಕೆಯ ಹೆಸರು ಇಟ್ಟಿದ್ದೇವೆ. ಕರ್ನಾಟಕ ಸರ್ಕಾರವೂ ಲೇಖಕಿಯರಿಗೆ ಆ ತಾಯಿಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಆದರೆ ಆಕೆ ಯಾರ ಮಗಳು, ಯಾವ ಕಾಲದಲ್ಲಿ ಬದುಕಿದ್ದಳು, ಏನು ಕೊಟ್ಟಳು, ಏಕೆ ಕೊಟ್ಟಳು ಎಂದು ಕೇಳಿದರೆ ಹೆಚ್ಚಿನವರು ಸಾವಿರ ಪ್ರತಿ ಪುಸ್ತಕ ಹಂಚಿದಳು ಎಂಬಲ್ಲಿಗೆ ನಿಲ್ಲುತ್ತಾರೆ. ನಾನು ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವನು, ವಿದ್ವಾಂಸನಲ್ಲ. ಆದರೆ ಬಸದಿಯ ಕೆಲಸಕ್ಕೆ ಚೀಟಿ ಹಿಡಿದು ಮನೆಮನೆ ತಿರುಗಿದವನಾದ್ದರಿಂದ, ಕೊಡುವವರ ಮುಖವನ್ನು ಹತ್ತಿರದಿಂದ ನೋಡಿದ್ದೇನೆ. ಆ ಕಣ್ಣಿನಿಂದ ಈ ತಾಯಿಯ ಚರಿತ್ರೆಯನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಅತ್ತಿಮಬ್ಬೆಯ ತಂದೆಯ ಕಡೆಯವರು ವೆಂಗಿ ನಾಡಿನವರು. ಅಲ್ಲಿನ ಕಮ್ಮೆನಾಡಿನ ಪುಂಗನೂರಿನಲ್ಲಿ ನಾಗಮಯ್ಯ ಎಂಬವನಿದ್ದ. ಅವನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಇಬ್ಬರೂ ಕತ್ತಿ ಹಿಡಿದವರು, ಇಬ್ಬರೂ ಜಿನಭಕ್ತರು. ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಈ ಅಣ್ಣತಮ್ಮಂದಿರು ಕವಿ ಪೊನ್ನನಿಂದ ಒಂದು ಕಾವ್ಯ ಬರೆಸಿದರು. ಅದೇ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣ. ಪೊನ್ನನೆಂದರೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ತಮ್ಮ ಪುನ್ನಮಯ್ಯ ಕಾವೇರಿಯ ತೀರದ ಯುದ್ಧದಲ್ಲಿ ಮಡಿದ. ಅಣ್ಣ ಮಲ್ಲಪಯ್ಯನ ಮಕ್ಕಳಲ್ಲಿ ಇಬ್ಬರು ಹೆಣ್ಣುಮಕ್ಕಳು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ.

ಇಲ್ಲಿ ಒಂದು ವಿಷಯ ಗಮನಿಸಿ. ಆಕೆ ಹುಟ್ಟಿದ ಮನೆಯಲ್ಲೇ ಪುಸ್ತಕವನ್ನು ಬರೆಸುವ, ಗುರುವಿನ ಹೆಸರು ಉಳಿಸುವ ರೂಢಿ ಇತ್ತು. ದಾನಬುದ್ಧಿ ಯಾರಿಗೂ ಆಕಾಶದಿಂದ ಇಳಿಯುವುದಿಲ್ಲ. ಅಜ್ಜಿ ಹಬ್ಬದ ದಿನ ಮೊಮ್ಮಗುವಿನ ಕೈಯಲ್ಲಿ ಅಕ್ಕಿ ಕೊಟ್ಟು ಬಸದಿಯಲ್ಲಿ ಹಾಕಿಸುತ್ತಾಳಲ್ಲ, ಅಲ್ಲಿಂದ ಅದು ಶುರುವಾಗುತ್ತದೆ.

ಅಕ್ಕತಂಗಿಯರಿಬ್ಬರನ್ನೂ ಒಬ್ಬನೇ ಮದುವೆಯಾದ. ಅವನು ನಾಗದೇವ, ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿಯಾಗಿದ್ದ ಧಲ್ಲಪನ ಮಗ. 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ತೈಲಪನು ಮತ್ತೆ ಚಾಲುಕ್ಯರ ರಾಜ್ಯ ಕಟ್ಟಿದ ಕಾಲ ಅದು. ಯುದ್ಧದ ಮೇಲೆ ಯುದ್ಧ. ನಾಗದೇವನೂ ದಂಡನಾಯಕ. ಅವನು ಬಹಳ ಕಾಲ ಬದುಕಲಿಲ್ಲ. ಗಂಡ ತೀರಿದಾಗ ತಂಗಿ ಗುಂಡಮಬ್ಬೆ ಅವನೊಂದಿಗೇ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆ ಏರಲಿಲ್ಲ. ಆಕೆಗೆ ಒಬ್ಬ ಮಗನಿದ್ದ, ಅಣ್ಣಿಗದೇವ. ಮುಂದೆ ಪಡೆವಳ ತೈಲ ಎಂದು ಹೆಸರಾದವನು ಅವನೇ.

ಈ ಒಂದು ಘಟ್ಟದಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಇಂದು ನಮಗೆ ಸಹಗಮನ ಎಂಬುದು ಕೇಳಲಿಕ್ಕೂ ಕಷ್ಟ. ಆದರೆ ಆ ಕಾಲದ ಸೇನಾನಿಗಳ ಮನೆಗಳಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ಕಲ್ಲು ಕೆತ್ತಿಸುತ್ತಿದ್ದರು, ಊರು ಕೈ ಮುಗಿಯುತ್ತಿತ್ತು. ಜೈನ ಸಿದ್ಧಾಂತ ಅದನ್ನು ಒಪ್ಪುವುದಿಲ್ಲ, ಬಲವಂತದ ಸಾವಿನಿಂದ ಆತ್ಮಕ್ಕೆ ಕಲ್ಯಾಣವಿಲ್ಲ. ಆದರೂ ತಂಗಿ ಹೋದ ಮೇಲೆ ಅದೇ ಮನೆಯಲ್ಲಿ ಉಳಿದ ಅಕ್ಕ, ನೆಂಟರಿಷ್ಟರ ಕಣ್ಣುಗಳ ನಡುವೆ ಬದುಕಬೇಕಾಯಿತಲ್ಲ! ಕೀರ್ತಿಯೇ ಬೇಕಿದ್ದರೆ ಆಕೆಗೆ ಅಂದು ಒಂದು ಹತ್ತಿರದ ದಾರಿ ಇತ್ತು. ಆಕೆ ಅದನ್ನು ಬಿಟ್ಟು ಉದ್ದನೆಯ ದಾರಿ ಹಿಡಿದಳು. ಮಗನನ್ನು ಬೆಳೆಸಿದಳು, ಶ್ರಾವಕವ್ರತಗಳನ್ನು ಹಿಡಿದಳು, ಮನೆಯ ಸಂಪತ್ತನ್ನು ಚತುರ್ವಿಧ ದಾನಕ್ಕೆ ತೆರೆದಳು. ಆಹಾರ, ಅಭಯ, ಔಷಧ, ಶಾಸ್ತ್ರ ಈ ನಾಲ್ಕೂ ದಾನಗಳನ್ನು ನಾವೆಲ್ಲ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆಕೆ ಮಾಡಿ ತೋರಿಸಿದಳು.

ಈಗ ಆ ಸಾವಿರ ಪ್ರತಿಗಳ ವಿಷಯ. ಆಕೆ ಪ್ರತಿ ಮಾಡಿಸಿ ಹಂಚಿದ್ದು ಪೊನ್ನನ ಶಾಂತಿಪುರಾಣವನ್ನು. ಅಂದರೆ ತಂದೆ ಮತ್ತು ಚಿಕ್ಕಪ್ಪ ಬರೆಸಿದ ಕಾವ್ಯವನ್ನೇ. ಇಂದಿನ ಹುಡುಗರಿಗೆ ಸಾವಿರ ಪ್ರತಿ ಎಂದರೆ ಪ್ರೆಸ್ಸಿಗೆ ಹೋಗಿ ಆರ್ಡರ್ ಕೊಟ್ಟ ಹಾಗೆ ಅನ್ನಿಸುತ್ತದೆ. ಅಂದು ಅದು ತಾಳೆಗರಿ. ಗರಿಗಳನ್ನು ಕೊಯ್ದು ತರಬೇಕು, ಹದ ಮಾಡಿ ಒಣಗಿಸಬೇಕು, ಒಂದೇ ಅಳತೆಗೆ ಕತ್ತರಿಸಿ ತೂತು ಕೊರೆಯಬೇಕು. ಲಿಪಿಕಾರ ಕಬ್ಬಿಣದ ಕಂಠದಿಂದ ಅಕ್ಷರ ಅಕ್ಷರ ಕೊರೆಯಬೇಕು. ಗರಿ ಸೀಳಿದರೆ ಆ ಗರಿ ಹೋಯಿತು. ಆಮೇಲೆ ಮಸಿ ತೀಡಿ ಒರೆಸಿದರೆ ಅಕ್ಷರ ಕಾಣುತ್ತದೆ. ಕೊನೆಗೆ ದಾರ ಪೋಣಿಸಿ, ಹಲಗೆ ಕಟ್ಟಿ, ಬಟ್ಟೆಯಲ್ಲಿ ಸುತ್ತಬೇಕು. ಶಾಂತಿಪುರಾಣ ಸಣ್ಣ ಸ್ತೋತ್ರವಲ್ಲ, ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ.

ವ್ಯಾಪಾರಿಯ ಬುದ್ಧಿ, ಲೆಕ್ಕ ಹಾಕದೆ ಇರಲಾಗುವುದಿಲ್ಲ. ಒಂದು ಪ್ರತಿಗೆ ಒಬ್ಬ ಲಿಪಿಕಾರನಿಗೆ ಎರಡು ತಿಂಗಳು ಎಂದು ಇಟ್ಟುಕೊಳ್ಳಿ. ಸಾವಿರ ಪ್ರತಿಗೆ ಎರಡು ಸಾವಿರ ತಿಂಗಳು. ಐವತ್ತು ಜನ ಒಟ್ಟಿಗೆ ಕುಳಿತರೂ ನಲವತ್ತು ತಿಂಗಳು, ಅಂದರೆ ಮೂರು ವರ್ಷದ ಮೇಲೆ ನಾಲ್ಕು ತಿಂಗಳು. ಇದು ನನ್ನ ಅಂದಾಜಿನ ಲೆಕ್ಕ ಅಷ್ಟೆ, ಶಾಸನದ್ದಲ್ಲ. ಆದರೂ ಆ ಕೆಲಸ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಅಷ್ಟು ಜನರ ಊಟ, ಸಂಬಳ, ಗರಿಯ ಸರಬರಾಜು, ತಪ್ಪು ತಿದ್ದುವ ಪಂಡಿತರು, ಹೊತ್ತು ಊರೂರಿಗೆ ಮುಟ್ಟಿಸುವವರು! ಹೊನ್ನು ಒಬ್ಬಳದು, ಕೈಗಳು ನೂರಾರು.

ಇಷ್ಟರ ಜೊತೆಗೆ ಮಣಿ, ಹೊನ್ನಿನ 1500 ಜಿನಬಿಂಬಗಳನ್ನು ಮಾಡಿಸಿ ದಾನ ಮಾಡಿದಳು. ಒಂದು ಕಡೆ ಬೆಟ್ಟದಷ್ಟು ಎತ್ತರದ ಮೂರ್ತಿ ನಿಲ್ಲಿಸಲು ಬೇಕಾಗುವ ಹೊನ್ನನ್ನು ಸಾವಿರದ ಐನೂರು ಪಾಲು ಮಾಡಿ ಹಂಚಿದ ಹಾಗೆ ಇದು. ಕೈಯಲ್ಲಿ ಹಿಡಿಯುವಂಥ ಬಿಂಬ ಮನೆಗೆ ಬಂದರೆ ಆ ಮನೆಯಲ್ಲಿ ನಿತ್ಯ ಅಭಿಷೇಕ ನಡೆಯಲೇಬೇಕು, ದೀಪ ಹಚ್ಚಲೇಬೇಕು, ಮಕ್ಕಳು ನೋಡಲೇಬೇಕು. ಆಕೆ ಕೊಟ್ಟದ್ದನ್ನು ಪಡೆದವರು ಸುಮ್ಮನೆ ಕೂರುವ ಹಾಗಿರಲಿಲ್ಲ.

ಇನ್ನು ಕವಿ ರನ್ನನ ಸಂಗತಿ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ ಹುಟ್ಟಿದವನು. ಬಳೆಗಾರರ ಮನೆತನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ವಿದ್ಯೆಯ ಹಸಿವಿನಿಂದ ಊರು ಬಿಟ್ಟು ಗಂಗರ ನಾಡಿಗೆ ಹೋಗಿ, ಚಾವುಂಡರಾಯನ ಆಸರೆ ಪಡೆದು, ಅಜಿತಸೇನಾಚಾರ್ಯರ ಪಾದದಲ್ಲಿ ಕಲಿತ. ಮುಂದೆ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ವ್ಯಾಪಾರಿ ಮನೆಯ ಹುಡುಗ ಇಷ್ಟೆತ್ತರಕ್ಕೆ ಏರಿದ್ದು ಓದಿದಾಗ ನನಗೆ ಸ್ವಲ್ಪ ಹೆಮ್ಮೆ ಆಗುವುದುಂಟು. ಈ ರನ್ನನಿಂದ ಅತ್ತಿಮಬ್ಬೆ 993ರಲ್ಲಿ ಅಜಿತಪುರಾಣ ಬರೆಸಿದಳು.

ಆ ಕಾಲದಲ್ಲಿ ಕಾವ್ಯ ಬರೆಸುವವರಿಗೆ ಒಂದು ಆಸೆ ಇರುತ್ತಿತ್ತು. ಪಂಪನು ಭಾರತದ ಕಥೆ ಹೇಳುವಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿದ. ಇದೇ ರನ್ನನೂ ತನ್ನ ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದು ಮಾಡಿದ. ಹೊನ್ನು ಕೊಟ್ಟ ದೊರೆ ಕಥೆಯ ನಾಯಕನೇ ಆಗಿಬಿಡುತ್ತಿದ್ದ. ಅತ್ತಿಮಬ್ಬೆ ಬರೆಸಿದ್ದು ಎರಡನೆಯ ತೀರ್ಥಂಕರರ ಪುರಾಣ. ಅದರಲ್ಲಿ ನಾಯಕರು ಅಜಿತನಾಥ ಸ್ವಾಮಿ ಮಾತ್ರ. ಆಕೆಯ ವಂಶ, ವ್ರತ, ದಾನಗಳ ವಿವರ ಬರುತ್ತದೆ, ಹೊಗಳಿಕೆಯೂ ಧಾರಾಳವಾಗಿ ಬರುತ್ತದೆ. ಆದರೆ ತೀರ್ಥಂಕರರ ಜಾಗಕ್ಕೆ ಯಾರನ್ನೂ ತಂದು ಕೂರಿಸಲು ಬರುವುದಿಲ್ಲ. ಬರೆಸುವ ವಸ್ತುವಿನ ಆಯ್ಕೆಯಲ್ಲೇ ಆಕೆ ತನ್ನ ಜಾಗವನ್ನು ಬಾಗಿಲ ಬಳಿ ಇಟ್ಟುಕೊಂಡಳು ಎಂದು ನನಗೆ ಅನ್ನಿಸುತ್ತದೆ. ರನ್ನ ತನ್ನ ಕೃತಜ್ಞತೆಯನ್ನು ಬೇರೆ ರೀತಿಯಲ್ಲಿ ತೀರಿಸಿದ. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ.

ಇಲ್ಲಿಗೆ ಕೆಲವು ಯುವಕರು ಕೇಳುವ ಪ್ರಶ್ನೆ ಎತ್ತಿಕೊಳ್ಳಲೇಬೇಕು. ತಂದೆ ಬರೆಸಿದ ಪುಸ್ತಕವನ್ನೇ ಹಂಚಿದಳು, ಅದರಲ್ಲಿ ತಂದೆಯ ಹೆಸರೂ ಹರಡಿತಲ್ಲ? ಕಾವ್ಯದಲ್ಲಿ ತನ್ನ ವಂಶವೂ ಬಂತಲ್ಲ? ಪುಣ್ಯವೂ ಸಿಕ್ಕಿತಲ್ಲ? ಹಾಗಾದರೆ ಇದು ನಿಸ್ವಾರ್ಥ ಹೇಗೆ? ನೋಡಿದರೆ ಜಗತ್ತಿನಲ್ಲಿ ನಿಸ್ವಾರ್ಥ ದಾನ ಎಂಬುದೇ ಇಲ್ಲ ಎನ್ನುತ್ತಾರೆ. ಉಡಾಫೆಯ ಪ್ರಶ್ನೆ ಎಂದು ತಳ್ಳಿಹಾಕಬಾರದು, ಪ್ರಶ್ನೆ ಸರಿಯಾಗಿಯೇ ಇದೆ.

ಇದಕ್ಕೆ ನಮ್ಮ ಆಚಾರ್ಯರು ಸಾವಿರಾರು ವರ್ಷದ ಹಿಂದೆಯೇ ದಾರಿ ತೋರಿದ್ದಾರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನ ಎಂಬ ಅರ್ಥದ ಲಕ್ಷಣ ಹೇಳಿದ್ದಾರೆ. ಯಾರ ಅನುಗ್ರಹ? ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳುತ್ತಾರೆ: ತನ್ನ ಉಪಕಾರ ಮತ್ತು ಪರರ ಉಪಕಾರ ಎರಡೂ. ಕೊಡುವವನಿಗೆ ಪುಣ್ಯಸಂಚಯ, ಪಡೆಯುವವನಿಗೆ ಸಮ್ಯಗ್ಜ್ಞಾನ ಮೊದಲಾದವುಗಳ ವೃದ್ಧಿ. ಅಂದರೆ ಕೊಟ್ಟವನಿಗೆ ಏನೂ ಸಿಗಲೇಬಾರದು ಎಂಬ ಷರತ್ತನ್ನು ಜೈನಧರ್ಮ ಹಾಕಿಯೇ ಇಲ್ಲ. ಹಾಕಿದ ಷರತ್ತು ಬೇರೆ. ಇಂಥದೇ ಫಲ ಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡು ಮಾಡಬೇಡ, ಅದು ನಿದಾನ. ಮಾಯಾ, ಮಿಥ್ಯಾ, ನಿದಾನ ಈ ಮೂರು ಶಲ್ಯಗಳು, ಮುಳ್ಳುಗಳು. ಮುಳ್ಳು ಒಳಗಿದ್ದರೆ ವ್ರತಿ ಎನಿಸಿಕೊಳ್ಳಲಾಗದು. ಬೆಳೆ ಬೆಳೆದವನಿಗೆ ಹುಲ್ಲೂ ಸಿಗುತ್ತದೆ. ಹುಲ್ಲಿಗಾಗಿಯೇ ಬಿತ್ತಿದರೆ ಮಾತ್ರ ಹೊಲ ಕೆಟ್ಟಿತು.

ದಾತೃವಿನ ಗುಣಗಳನ್ನು ಹೇಳುವಾಗಲೂ ಶ್ರದ್ಧೆ, ಭಕ್ತಿ, ಸಂತೋಷ, ವಿವೇಕ, ನಿರ್ಲೋಭ, ಕ್ಷಮೆ ಮುಂತಾದವು ಬರುತ್ತವೆ. ಸಂತೋಷ ಇರಕೂಡದು ಎಂದು ಯಾರೂ ಹೇಳಿಲ್ಲ. ಕೊಟ್ಟು ಖುಷಿಪಟ್ಟರೆ ಅದೂ ಸ್ವಾರ್ಥವೇ ಎಂದು ವಾದಿಸುವವರು ಮುಖ ಗಂಟಿಕ್ಕಿಕೊಂಡು ಕೊಡುವವನನ್ನು ದೊಡ್ಡ ದಾನಿ ಎನ್ನುತ್ತಾರೆಯೇ?

ಆದರೆ ಹುಲ್ಲಿಗಾಗಿಯೇ ಬಿತ್ತುವವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಒಂದು ಊರಿನ ಜೀರ್ಣೋದ್ಧಾರದಲ್ಲಿ ಫಲಕದ ಮೇಲೆ ಯಾರ ಹೆಸರು ಮೇಲೆ, ಯಾರ ಅಕ್ಷರ ದಪ್ಪ ಎಂಬ ಜಗಳದಿಂದ ಕೆಲಸ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ಕಾರ್ಯಕ್ಕೆ ಹೂ ಮಾರುವ ಹೆಂಗಸೊಬ್ಬಳು ರಸೀದಿ ಬೇಡ ಎಂದು ಐವತ್ತು ರೂಪಾಯಿ ಕೊಟ್ಟು ಹೋದದ್ದನ್ನೂ ಕಂಡಿದ್ದೇನೆ. ಫಲಕವೇ ತಪ್ಪು ಎಂದು ನಾನು ಹೇಳುವುದಿಲ್ಲ. ಶಾಸನ ಎಂದರೂ ಒಂದು ಫಲಕವೇ, ಅದು ಇಲ್ಲದಿದ್ದರೆ ಅತ್ತಿಮಬ್ಬೆಯ ಅರ್ಧ ಚರಿತ್ರೆ ನಮಗೆ ತಿಳಿಯುತ್ತಿರಲಿಲ್ಲ. ಹೆಸರು ನೋಡಿ ಇನ್ನೊಬ್ಬ ಕೊಟ್ಟರೆ ಒಳ್ಳೆಯದೇ. ಹೆಸರು ಹಾಕದಿದ್ದರೆ ವಾಪಸ್ ಕೊಡಿ ಎನ್ನುವವನ ಹಣ ದಾನವೋ ಬಾಡಿಗೆಯೋ ಎಂದು ಓದುಗರೇ ನಿರ್ಧರಿಸಲಿ.

ಆ ಶಾಸನ ಇರುವುದು ಗದಗದ ಬಳಿಯ ಲಕ್ಕುಂಡಿಯಲ್ಲಿ. ಹಳೆಯ ಹೆಸರು ಲೊಕ್ಕಿಗುಂಡಿ. ಶಕವರ್ಷ 929, ಅಂದರೆ 1007ರ ಬರಹ. ಅಷ್ಟರಲ್ಲಿ ತೈಲಪ ತೀರಿ ಅವನ ಮಗ ಇರಿವಬೆಡಂಗ ಸತ್ಯಾಶ್ರಯ ಚಕ್ರವರ್ತಿಯಾಗಿದ್ದ. ಮಗ ಪಡೆವಳ ತೈಲ ಅಧಿಕಾರದಲ್ಲಿದ್ದ. ತಾಯಿ ಅಲ್ಲಿ ದೊಡ್ಡ ಜಿನಾಲಯ ಕಟ್ಟಿಸಿ ಅದರ ನಿತ್ಯಪೂಜೆಗೆ, ದಾನಕ್ಕೆ ಭೂಮಿ ಬಿಡಿಸಿದಳು. ಇಂದು ನಾವು ಬ್ರಹ್ಮಜಿನಾಲಯ ಎಂದು ಕರೆಯುವುದು ಅದನ್ನೇ.

ಆ ವರ್ಷ ಎಂಥ ವರ್ಷವಾಗಿತ್ತು ಎಂಬುದನ್ನು ಇನ್ನೊಂದು ಶಾಸನ ತಿಳಿಸುತ್ತದೆ. ಅದೇ ಶಕವರ್ಷ 929ರ ಹೊಟ್ಟೂರು ಶಾಸನದಲ್ಲಿ ಚೋಳರ ದೊಡ್ಡ ಸೇನೆ ಈ ನಾಡಿನ ಒಳಗೆ ನುಗ್ಗಿ ಊರುಗಳನ್ನು ಸೂರೆ ಮಾಡಿದ ವಿವರವಿದೆ. ಸತ್ಯಾಶ್ರಯ ಆ ಸೇನೆಯನ್ನು ಹಿಮ್ಮೆಟ್ಟಿಸಿದ. ಮಗ ಸೇನಾನಾಯಕ, ನಾಡಿನ ಮೇಲೆ ಯುದ್ಧ. ಅಂಥ ಹೊತ್ತಿನಲ್ಲಿ ಯಾರಾದರೂ ಹೊನ್ನನ್ನು ನೆಲದಲ್ಲಿ ಹೂಳುತ್ತಾರೆ. ಈಕೆ ನೆಲದ ಮೇಲೆ ಕಲ್ಲಾಗಿ ನಿಲ್ಲಿಸಿದಳು. ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವನಾಗಿ ಹೇಳುತ್ತೇನೆ, ನಷ್ಟದ ಭಯ ಇರುವಾಗ ಕೈ ಬಿಚ್ಚುವುದು ಲಾಭದ ದಿನ ಕೊಟ್ಟ ಹಾಗಲ್ಲ.

ಶಾಸನದಲ್ಲಿ ಆಕೆಯ ಮಹಿಮೆಗಳ ವರ್ಣನೆಯೂ ಇದೆ. ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ದರ್ಶನವಾಗುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಹೊರಟು, ಬೆಟ್ಟ ಹತ್ತಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿಯಿತಂತೆ. ಗೋದಾವರಿಯ ಪ್ರವಾಹ ಆಕೆಗಾಗಿ ತಡೆದು ನಿಂತಿತಂತೆ. ಇದನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಸುಮಾರು ನೂರು ವರ್ಷಗಳ ನಂತರ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಹೊಗಳಬೇಕಾದಾಗ ಶ್ರವಣಬೆಳಗೊಳದ ಶಾಸನದ ಕವಿ, ಅಂದು ಗೋದಾವರಿ ಅತ್ತಿಯಬ್ಬರಸಿಗೆ ನಿಂತ ಹಾಗೆ ಇಂದು ಕಾವೇರಿ ಗಂಗರಾಜನಿಗೆ ನಿಂತಿತು ಎಂಬ ಅರ್ಥದಲ್ಲಿ ಬರೆದ. ಲಕ್ಕುಂಡಿಯಿಂದ ಅಷ್ಟು ದೂರದಲ್ಲಿ, ಬೇರೆ ರಾಜ್ಯದಲ್ಲಿ, ಮೂರ್ನಾಲ್ಕು ತಲೆಮಾರು ಕಳೆದ ಮೇಲೂ ಜನ ಆ ಕಥೆಯನ್ನು ಬಲ್ಲವರಾಗಿದ್ದರು. ವಿವರಣೆ ಕೊಡುವ ಅಗತ್ಯವೇ ಇರಲಿಲ್ಲ. ಪಡೆದವರು ಒಬ್ಬರಿಗೊಬ್ಬರು ಹೇಳುತ್ತ ಬಂದದ್ದರಿಂದ ಇದು ಸಾಧ್ಯವಾಯಿತು.

ಸಮಾಜ ಏಕೆ ಬೇಕು ಎಂದು ನಗರದಲ್ಲಿ ಬೆಳೆದ ಮಕ್ಕಳು ಕೇಳುತ್ತಾರೆ. ಆನ್‌ಲೈನಿನಲ್ಲಿ ಹಣ ಕಳಿಸಿದರೆ ಆಯಿತಲ್ಲ, ಸಭೆ ಏಕೆ, ಪಂಚಾಯತಿ ಏಕೆ ಎಂದು. ಹಣ ಕಳಿಸುವುದೂ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ತಾಳೆಗರಿ ನೂರೋ ಇನ್ನೂರೋ ವರ್ಷಕ್ಕೆ ಹುಳ ಬಿದ್ದು ಪುಡಿಯಾಗುತ್ತದೆ. ಶಾಂತಿಪುರಾಣ ನಮ್ಮ ಕೈಗೆ ಬಂದದ್ದು, ಹಳೆಯ ಗರಿ ಮುರಿಯುವ ಮೊದಲೇ ಇನ್ಯಾರೋ ಹೊಸ ಗರಿಗೆ ಇಳಿಸಿಕೊಂಡದ್ದರಿಂದ. ಅವರ ನಂತರ ಇನ್ಯಾರೋ. ಭಟ್ಟಾರಕರ ಮಠಗಳ ಭಂಡಾರದಲ್ಲಿ ಇಟ್ಟವರು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಎಣ್ಣೆ ಸವರಿದವರು, ಶ್ರುತಪಂಚಮಿಯ ದಿನ ಪೂಜಿಸಿದವರು. ಇವರ ಒಬ್ಬರ ಹೆಸರೂ ಯಾವ ಕಲ್ಲಿನಲ್ಲೂ ಇಲ್ಲ. ನಿಸ್ವಾರ್ಥ ದಾನ ಇದೆಯೇ ಎಂದು ಹುಡುಕುವವರು ಅತ್ತಿಮಬ್ಬೆಯ ಹತ್ತಿರ ಹುಡುಕುವ ಬದಲು ಇವರ ಹತ್ತಿರ ಹುಡುಕಿದರೆ ಬೇಗ ಸಿಗಬಹುದು. ಆಕೆ ಹೊನ್ನು ಕೊಟ್ಟಳು, ಇವರು ಆಯುಷ್ಯದ ದಿನಗಳನ್ನು ಕೊಟ್ಟರು. ಇವರಿಲ್ಲದಿದ್ದರೆ ಆ ಸಾವಿರ ಪ್ರತಿಗಳೆಲ್ಲ ಎಂದೋ ಮಣ್ಣಾಗುತ್ತಿದ್ದವು. ಆಕೆಯಿಲ್ಲದಿದ್ದರೆ ಇವರಿಗೆ ಕಾಯಲು ಅಷ್ಟು ಪ್ರತಿಗಳೇ ಇರುತ್ತಿರಲಿಲ್ಲ.

ಲಕ್ಕುಂಡಿಗೆ ಹೋಗದ ಕುಟುಂಬಗಳು ಮಕ್ಕಳ ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ. ಗದಗದಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರ್. ಬ್ರಹ್ಮಜಿನಾಲಯ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದಕ್ಕೂ ಮೊದಲಿನ ಗುಡಿಗಳು ಹೆಚ್ಚಾಗಿ ಮರಳುಗಲ್ಲಿನವು. ಇಲ್ಲಿ ಬಳಸಿದ್ದು ನುಣುಪಾದ, ಹಸಿರು ಛಾಯೆಯ ಬಳಪದ ಕಲ್ಲು. ಮುಂದೆ ಈ ಕಲ್ಲಿನಲ್ಲೇ ಚಾಲುಕ್ಯ, ಹೊಯ್ಸಳ ಶಿಲ್ಪಿಗಳು ಕಸೂತಿಯಂಥ ಕೆಲಸ ಮಾಡಿದರು. ಒಳಗಿನ ಮಂಟಪದಲ್ಲಿ ಚತುರ್ಮುಖ ಬ್ರಹ್ಮನ ಮೂರ್ತಿ, ಪದ್ಮಾವತಿ ದೇವಿಯ ಮೂರ್ತಿ ಇವೆ. ಒಳಗೆ ಬೆಳಕು ಕಡಿಮೆ, ಬೆಳಿಗ್ಗೆ ಹೋದರೆ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ಶಾಸನದ ಕಲ್ಲನ್ನು ತೋರಿಸಿ, ಅಕ್ಷರಗಳನ್ನು ಬೆರಳಿನಿಂದ ಮುಟ್ಟದೆ ದೂರದಿಂದಲೇ ನೋಡಲು ಹೇಳಿ.